ತೂಕವೇ ಚುಕ್ಕಾಣಿ

ನಾನು ವಿದ್ಯುತ್ ವಿತರಣೆಯ ಕೆಲಸದಲ್ಲಿರುವ ಇಂಜಿನಿಯರ್. ಗಂಗಾವತಿ, ಕಾರಟಗಿ, ಕನಕಗಿರಿ ಸುತ್ತಿನ ಹಳ್ಳಿಗಳಲ್ಲಿ ಕಂಬ ನೆಡಿಸುವುದು, ತಂತಿ ಎಳೆಸುವುದು, ಪಂಪ್‌ಸೆಟ್ಟುಗಳ ಭಾರಕ್ಕೆ ಸುಟ್ಟುಹೋದ ಟಿಸಿಗಳನ್ನು, ಅಂದರೆ ಟ್ರಾನ್ಸ್‌ಫಾರ್ಮರುಗಳನ್ನು, ಇಳಿಸಿ ಬೇರೆಯದನ್ನು ಏರಿಸುವುದು, ಇದರಲ್ಲಿಯೇ 22 ವರ್ಷ ಕಳೆದಿವೆ. ಟ್ರೈಕ್ ಎಂಬ ಪುಟ್ಟ ವಿಮಾನ ಹಾರಿಸಲು ಕಲಿಯಬೇಕೆಂದು ಹೋದ ಮೊದಲ ದಿನ ನನ್ನ ಶಿಕ್ಷಕರು, ಈ ಸೀಮೆಯಲ್ಲಿ ತಗ್ಗಿನಲ್ಲಿ ಹಾರುವವನಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ ಯಾವುದೆಂದು ಕೇಳಿದರು. ಗಾಳಿ ಎಂದೆ. ಅವರು ತಲೆಯಲ್ಲಾಡಿಸಿ, ರನ್‌ವೇ ಪಟ್ಟಿಯ ಆಚೆ ಹಾದುಹೋಗಿದ್ದ 11 ಕೆ.ವಿ. ಲೈನನ್ನು ತೋರಿಸಿದರು. ಅದು ನಾನೇ ನಿಂತು ಎಳೆಸಿದ ಲೈನ್ ಆಗಿತ್ತು.

ತಂತಿಯನ್ನು ನೋಡಿ ಹಾರಲಾಗದು, ಕಂಬಗಳನ್ನು ನೋಡಿ ಹಾರಬೇಕು ಎಂಬುದು ಅವರ ಮೊದಲ ಪಾಠ. ನಾವು ಬಳಸುವ ರ‍್ಯಾಬಿಟ್ ಎಂಬ ಬಗೆಯ ತಂತಿಯ ದಪ್ಪ ಸುಮಾರು 10 ಮಿಲಿಮೀಟರ್. ಎರೆಹೊಲದ ಕಪ್ಪು ಹಿನ್ನೆಲೆಯಲ್ಲಿ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ಕಣ್ಣಿಗೆ ಅದು ಇಲ್ಲವೆಂದೇ ಲೆಕ್ಕ. ಎರಡು ಕಂಬ ಕಂಡರೆ ನಡುವೆ ತಂತಿಯಿದೆ ಎಂದೂ, ಒಂದೇ ಕಂಬ ಕಂಡರೆ ಇನ್ನೊಂದು ಎಲ್ಲೋ ಮರದ ಮರೆಯಲ್ಲಿದೆ ಎಂದೂ ತಿಳಿಯಬೇಕು. ನನ್ನ ವೃತ್ತಿ ನನಗೆ ಈ ಹವ್ಯಾಸದಲ್ಲಿ ಕೊಟ್ಟ ಅನುಕೂಲವೆಂದರೆ ಇದೊಂದೇ: ಯಾವ ಊರಿನ ಲೈನ್ ಎಲ್ಲಿ ಮುರಿದು ಯಾವ ಕಡೆ ತಿರುಗುತ್ತದೆಂಬುದು ನನಗೆ ಬಾಯಿಪಾಠವಾಗಿತ್ತು.

ಟ್ರೈಕ್ ಎಂದರೇನೆಂದು ಮನೆಯಲ್ಲಿ ವಿವರಿಸುವುದು ಸುಲಭವಾಗಲಿಲ್ಲ. ಮೇಲೆ ಬಟ್ಟೆಯ ತ್ರಿಕೋನಾಕಾರದ ರೆಕ್ಕೆ, ಅದರ ನಡುದಿಂಡಿಗೆ ಒಂದೇ ಒಂದು ಬೋಲ್ಟಿನಿಂದ ತೂಗುಬಿಟ್ಟ ಮೂರು ಗಾಲಿಯ ಗಾಡಿ, ಗಾಡಿಯಲ್ಲಿ ಹಿಂದೆ ಮುಂದೆ ಎರಡು ಆಸನ, ಬೆನ್ನಹಿಂದೆ ಎಂಜಿನ್ ಮತ್ತು ಪ್ರೊಪೆಲ್ಲರ್. ಬಾಗಿಲಿಲ್ಲ, ಗಾಜಿಲ್ಲ, ಬಾಲವೂ ಇಲ್ಲ. ನನ್ನ ಮೊಬೈಲಿನಲ್ಲಿದ್ದ ಚಿತ್ರ ನೋಡಿ ಅವ್ವ, "ಯಪ್ಪಾ, ಇದು ಆಟೋಕ್ಕ ಛತ್ರಿ ಕಟ್ಟಿದಂಗ ಐತಲ್ಲೋ, ಇದರಾಗ ಕುಂದರ್ತಿಯೇನು?" ಎಂದಳು. ಅದಕ್ಕಿಂತ ಸರಿಯಾದ ವರ್ಣನೆಯನ್ನು ನಾನು ಇದುವರೆಗೆ ಕೇಳಿಲ್ಲ. ಈ ಬಗೆಯ ಮಡಚುವ ರೆಕ್ಕೆಯ ಮೂಲ ಕಲ್ಪನೆ ಅಮೆರಿಕದ ಇಂಜಿನಿಯರ್ ಫ್ರಾನ್ಸಿಸ್ ರೊಗಾಲೊ ಅವರದು. 1948ರ ಹೊತ್ತಿಗೆ ಅವರೂ ಅವರ ಪತ್ನಿಯೂ ಸೇರಿ ಮನೆಯ ಪರದೆಯ ಬಟ್ಟೆಯಿಂದ ಅದರ ಮಾದರಿಯನ್ನು ಮಾಡಿ ಹಾರಿಸಿದ್ದರಂತೆ. ಇದನ್ನು ಹೇಳಿದರೆ ಅವ್ವನಿಗೆ ಧೈರ್ಯ ಬಂದೀತೆಂದುಕೊಂಡೆ. ಪರದೆಯ ಬಟ್ಟೆ ಎಂದೊಡನೆ ಅವಳ ಮುಖ ಇನ್ನಷ್ಟು ಬಿಗಿಯಿತು.

ವೈದ್ಯಕೀಯ ಪರೀಕ್ಷೆ, ಕಾಗದಪತ್ರ, ಅನುಮತಿಗಳಿಗೆ ತಿಂಗಳುಗಳೇ ಹಿಡಿದವು. ಎಷ್ಟು ಚಿಕ್ಕದಾದರೂ ಇದು ಆಟಿಕೆಯಲ್ಲ, ನೋಂದಣಿಯಾದ ವಿಮಾನ. ಹಗಲಿನಲ್ಲಿ ಮಾತ್ರ, ನೆಲ ಕಾಣುವಂತಿದ್ದಾಗ ಮಾತ್ರ, ಅನುಮತಿಯಿರುವ ವಾಯುಪ್ರದೇಶದಲ್ಲಿ ಮಾತ್ರ ಹಾರಬೇಕು. ಆ ಸರ್ಕಾರಿ ಅಲೆದಾಟವನ್ನು ಇಲ್ಲಿ ವಿವರಿಸುವುದಿಲ್ಲ. ಸರ್ಕಾರಿ ಕಚೇರಿಯವನೇ ಆದ ನನಗೆ ಅದರ ಬಗ್ಗೆ ದೂರುವ ಅಧಿಕಾರವೂ ಇಲ್ಲ.

ನಾವು ಕಲಿತದ್ದು ಕನಕಗಿರಿ ಕಡೆಯ ಖುಷ್ಕಿ ಜಮೀನಿನಲ್ಲಿ, ಗರಸು ಹಾಸಿ ಗಟ್ಟಿಮಾಡಿದ ಒಂದು ಖಾಸಗಿ ಪಟ್ಟಿಯಲ್ಲಿ. ಮೊದಲ ಎರಡು ದಿನ ನೆಲ ಬಿಡಲಿಲ್ಲ. ನೆಲದ ಮೇಲೆ ಈ ಗಾಡಿಯನ್ನು ಪಾದಗಳಿಂದ ತಿರುಗಿಸಬೇಕು. ಬಲಗಾಲನ್ನು ಒತ್ತಿದರೆ ಮೂತಿ ಎಡಕ್ಕೆ ಹೋಗುತ್ತದೆ. ಸೈಕಲ್ಲಿನ ಹ್ಯಾಂಡಲ್ ಮೇಲೆ ಕಾಲಿಟ್ಟುಕೊಂಡಂತೆ ಭಾವಿಸಿ ಎಂದರು ಶಿಕ್ಷಕರು. ಗಾಳಿಗೇರಿದ ಮೇಲೆ ಕೈಯ ಕೆಲಸ. ಎದೆಯ ಮುಂದೆ ರೆಕ್ಕೆಗೆ ಬಿಗಿದ ಅಡ್ಡ ಬಾರ್ ಇರುತ್ತದೆ. ಅದನ್ನು ಮುಂದಕ್ಕೆ ತಳ್ಳಿದರೆ ಮೂತಿ ಏರಿ ವೇಗ ತಗ್ಗುತ್ತದೆ, ಎದೆಗೆ ಎಳೆದುಕೊಂಡರೆ ಮೂತಿ ಇಳಿದು ವೇಗ ಹೆಚ್ಚುತ್ತದೆ. ಬಲಕ್ಕೆ ತಿರುಗಬೇಕಾದರೆ ಬಾರನ್ನು ಎಡಕ್ಕೆ ಸರಿಸಬೇಕು. ಜೀವಮಾನವಿಡೀ ಸ್ಟೇರಿಂಗ್ ಹಿಡಿದವನಿಗೆ ಇದು ತಲೆಕೆಳಗಾದ ಲೋಕ. ಮೂರನೆಯ ದಿನ ಸಾವಿರ ಅಡಿ ಎತ್ತರದಲ್ಲಿ ಎಡಕ್ಕೆ ತಿರುಗಿ ಎಂದು ಹೇಳಿದಾಗ ನಾನು ಎರಡು ಸಲ ಬಲಕ್ಕೆ ತಿರುಗಿದೆ.

ಗೊಂದಲ ಬಿಟ್ಟದ್ದು ಒಂದು ಮಾತಿನಿಂದ. "ಸಾಹೇಬ್ರ, ನೀವು ರೆಕ್ಕಿ ತಿರುವಾಕತ್ತಿಲ್ರಿ. ನಿಮ್ಮ ಮೈಯನ್ನ ಆ ಕಡೆ ಜಗ್ಗಾಕತ್ತೀರಿ," ಎಂದರು ಶಿಕ್ಷಕರು, ಹೆಲ್ಮೆಟ್ಟಿನ ಇಂಟರ್‌ಕಾಮಿನಲ್ಲಿ. ಹೌದು, ಬಾರ್ ಎಡಕ್ಕೆ ಹೋದಾಗ ತೂಗುತ್ತಿರುವ ಗಾಡಿ ಬಲಕ್ಕೆ ಸರಿಯುತ್ತದೆ. ಆ ಬದಿಯ ಭಾರ ಹೆಚ್ಚಿ ರೆಕ್ಕೆ ಬಲಕ್ಕೆ ವಾಲುತ್ತದೆ. ಈ ವಿಮಾನಕ್ಕೆ ಬೇರೆ ಚುಕ್ಕಾಣಿಯೇ ಇಲ್ಲ. ನನ್ನ 84 ಕಿಲೋ, ಶಿಕ್ಷಕರ 70 ಕಿಲೋ, ಎಂಜಿನ್, ಪೆಟ್ರೋಲು, ಎಲ್ಲ ಸೇರಿ ತೂಗುವ ಭಾರವೇ ಚುಕ್ಕಾಣಿ.

ಇದು ಮನಸ್ಸಿಗಿಳಿದ ಮೇಲೆ ಟ್ರೈಕಿನ ಮುಖ್ಯ ಅಪಾಯವೂ ತಾನಾಗಿಯೇ ಅರ್ಥವಾಯಿತು. ಭಾರ ಕೆಳಗೆ ಜಗ್ಗುತ್ತಿರುವವರೆಗೆ ಮಾತ್ರ ಹಿಡಿತ. ಯಾವುದೋ ಕಾರಣದಿಂದ ಆ ಭಾರ ಕ್ಷಣಕಾಲ ಇಲ್ಲವಾದರೆ, ಅಂದರೆ ಆಸನದಿಂದ ಮೈ ಮೇಲೆದ್ದಂತಾದರೆ, ಬಾರನ್ನು ಎತ್ತ ತಳ್ಳಿದರೂ ರೆಕ್ಕೆಗೆ ಆ ಮಾತು ಮುಟ್ಟುವುದಿಲ್ಲ. ಮೂತಿಯನ್ನು ಅತಿಯಾಗಿ ಎತ್ತಿ, ವೇಗ ಸತ್ತು, ರೆಕ್ಕೆ ಥಟ್ಟನೆ ಮುಂದಕ್ಕೆ ಮುಗ್ಗರಿಸಿದರೆ ಇಡೀ ಯಂತ್ರ ಲಾಗ ಹಾಕತೊಡಗುತ್ತದೆ. ಒಮ್ಮೆ ಆ ಲಾಗ ಆರಂಭವಾದರೆ ಪೈಲಟ್ ಮಾಡಬಹುದಾದದ್ದು ಬಹುತೇಕ ಏನೂ ಇಲ್ಲ, ರೆಕ್ಕೆಯೇ ಮುರಿಯುತ್ತದೆ. ಆದ್ದರಿಂದ ವಾಲುವುದು 60 ಡಿಗ್ರಿಯನ್ನು, ಮೂತಿ ಏರಿಸುವುದು 30 ಡಿಗ್ರಿಯನ್ನು ದಾಟಕೂಡದೆಂಬ ಮಿತಿಗಳು ನಮ್ಮ ಯಂತ್ರದ ಕೈಪಿಡಿಯಲ್ಲಿದ್ದವು. ಶಿಕ್ಷಕರು ನಮಗೆ ಅವುಗಳ ಅರ್ಧವನ್ನೂ ಬಳಸಲು ಬಿಡುತ್ತಿರಲಿಲ್ಲ. ಗಾಳಿಯಲ್ಲಿ ಕಸರತ್ತು ತೋರಿಸುವ ಆಸೆಯಿದ್ದವನು ಈ ಯಂತ್ರವನ್ನು ಮುಟ್ಟಲೇಬಾರದು.

ಪ್ರತಿ ಹಾರಾಟಕ್ಕೆ ಮುಂಚೆ ಅರ್ಧ ಗಂಟೆ ತಪಾಸಣೆ. ರೆಕ್ಕೆಯ ಬಟ್ಟೆ ಪಾಲಿಯೆಸ್ಟರಿನದು. ಬಿಸಿಲಿಗೆ ಬಟ್ಟೆಗಿಂತ ಮುಂಚೆ ಹೊಲಿಗೆಯ ದಾರ ಜೀರ್ಣವಾಗುತ್ತದೆ, ನಮ್ಮ ಕಡೆಯ ಬಿಸಿಲಿಗಂತೂ ಹೇಳುವುದೇ ಬೇಡ. ಹಾರದಿದ್ದಾಗ ರೆಕ್ಕೆಯ ಮೇಲೆ ಹೊದಿಕೆ ಇರಲೇಬೇಕು. ಕೊನೆಗೆ ಎಲ್ಲವನ್ನೂ ತೂಗಿಹಿಡಿದ ಬೋಲ್ಟನ್ನೂ ಅದರ ಜೊತೆಗಿರುವ ರಕ್ಷಣಾ ಪಟ್ಟಿಯನ್ನೂ ಕೈಯಿಂದ ಮುಟ್ಟಿ ನೋಡಬೇಕು. ಕಣ್ಣಿಂದ ನೋಡಿದರೆ ಸಾಲದು. ನಾನೊಮ್ಮೆ ಅವಸರದಲ್ಲಿ ಬರೀ ತಲೆಯೆತ್ತಿ ನೋಡಿ ಸರಿಯಿದೆ ಎಂದಾಗ ಶಿಕ್ಷಕರು ಎಂಜಿನ್ ಚಾಲೂ ಮಾಡಗೊಡದೆ ತುಂಗಭದ್ರಾ ಜಲಾಶಯದ ವಿಷಯ ತೆಗೆದರು. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದದ್ದನ್ನು ಈ ಭಾಗದ ಯಾವ ರೈತನೂ ಮರೆತಿಲ್ಲ. 33 ಗೇಟುಗಳ ಅಷ್ಟು ದೊಡ್ಡ ಕಟ್ಟೆಗೆ ಒಂದು ಸರಪಳಿ ಸಾಕಾಯಿತು, ನಮ್ಮದು ಒಂದು ಬೋಲ್ಟಿನ ವಿಮಾನ ಎಂದರು. ಅಂದಿನಿಂದ ನನ್ನ ಬೆರಳಿಗೆ ಆ ಬೋಲ್ಟಿನ ತಣ್ಣನೆಯ ತಲೆ ತಗುಲದೆ ನಾನು ಆಸನದಲ್ಲಿ ಕುಳಿತಿಲ್ಲ.

ಎಂಜಿನ್ ರೋಟ್ಯಾಕ್ಸ್ 582, ಎರಡು ಸಿಲಿಂಡರಿನ ಟೂ ಸ್ಟ್ರೋಕ್, ಸುಮಾರು 65 ಅಶ್ವಶಕ್ತಿಯದು. ಹಳೆಯ ಯೆಜ್ಡಿ ಓಡಿಸಿದವರಿಗೆ ಇದರ ಸ್ವಭಾವ ಗೊತ್ತು: ಹಗುರ, ಚುರುಕು, ಆದರೆ ಎಣ್ಣೆಯ ವಿಷಯದಲ್ಲಿ ಮತ್ತು ಬಿಸಿಯ ವಿಷಯದಲ್ಲಿ ಸಲುಗೆ ಕೊಡದು. ತಂಪಾಗಿರುವ ಎಂಜಿನ್ನಿಗೆ ಒಮ್ಮೆಲೇ ಪೂರ್ತಿ ಥ್ರಾಟಲ್ ಕೊಟ್ಟರೆ ಪಿಸ್ಟನ್ ಹಿಗ್ಗಿ ಸಿಲಿಂಡರಿನಲ್ಲಿ ಜಾಮ್ ಆಗುತ್ತದೆ. ಯೆಜ್ಡಿ ಜಾಮ್ ಆದರೆ ರಸ್ತೆಯ ಪಕ್ಕಕ್ಕೆ ತಳ್ಳಬಹುದು. ಇಲ್ಲಿ ಹಾಗಿಲ್ಲವಾದ್ದರಿಂದ ಎಂಜಿನ್ ನಿಂತೇ ನಿಲ್ಲುತ್ತದೆ ಎಂದುಕೊಂಡು ಹಾರುವುದನ್ನು ಕಲಿಸಿದರು. ನಮ್ಮ ಟ್ರೈಕ್ ಎಂಜಿನ್ ಇಲ್ಲದೆ ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಆರು ಅಡಿ ಮುಂದೆ ಸಾಗುತ್ತದೆ. ಸಾವಿರ ಅಡಿ ಎತ್ತರವಿದ್ದರೆ ಗಾಳಿಯಿಲ್ಲದಾಗ ಎರಡು ಕಿಲೋಮೀಟರಿಗೂ ಕಡಿಮೆ. ಆ ವೃತ್ತದೊಳಗೆ ಇಳಿಯಲು ಯೋಗ್ಯವಾದ ಒಂದು ಹೊಲವನ್ನು ಸದಾ ಕಣ್ಣಲ್ಲಿಟ್ಟುಕೊಂಡಿರಬೇಕು.

ಇಲ್ಲಿಂದ ನನಗೆ ನನ್ನ ಊರಿನ ನೆಲವೇ ಬೇರೆಯಾಗಿ ಕಾಣತೊಡಗಿತು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ನೀರಾವರಿ, ಮೇಲೆ ಖುಷ್ಕಿ. ನಡುವೆ ಆನೆಗೊಂದಿ ಕಡೆಯ ಬಂಡೆಗುಡ್ಡಗಳು. ರೈತರ ಲೆಕ್ಕದಲ್ಲಿ ಕಾಲುವೆಯ ಕೆಳಗಿನ ಭತ್ತದ ಗದ್ದೆಗೆ ಬಂಗಾರದ ಬೆಲೆ. ಎಂಜಿನ್ ನಿಂತವನಿಗೆ ಮಾತ್ರ ಅದು ಬಲು ಕೆಟ್ಟ ಜಾಗ, ಕೆಸರಿಗೆ ಮುಂಗಾಲಿ ಹೂತರೆ ಗಾಡಿ ಮಗುಚುತ್ತದೆ. ಕೊಯ್ಲಾದ ಜೋಳದ ಹೊಲ, ಕಡಲೆ ಕಿತ್ತ ಹೊಲ ಒಳ್ಳೆಯದು. ಹತ್ತಿಯ ಹೊಲ ಬೇಡ, ಕಟ್ಟಿಗೆ ಗಟ್ಟಿ. ಬಿಳಿಯಾಗಿ ನುಣುಪಾಗಿ ಕಾಣುವ ಜಾಗವೆಲ್ಲ ಹೊಲವಲ್ಲ, ಕೆಲವು ಒಣಗಿದ ಕೆರೆಯಂಗಳ, ಮೇಲಿನ ಹೆಪ್ಪಿನಡಿ ಹಸಿ ಇರುತ್ತದೆ. ಶಿಕ್ಷಕರು ಹೇಳದೆ ಕೇಳದೆ ಥ್ರಾಟಲ್ ಇಳಿಸಿ, "ಎಂಜಿನ್ ಹೋತ್ರಿ, ಎಲ್ಲಿ ಇಳೀತೀರಿ?" ಎನ್ನುತ್ತಿದ್ದರು. ನಾನು ಬೆರಳು ತೋರಿಸಿದ ಹೊಲದ ಕಡೆಗೆ ಸುರಕ್ಷಿತ ಎತ್ತರದವರೆಗೆ ಇಳಿದು, ಆ ಹೊಲಕ್ಕೆ ಅಡ್ಡಲಾಗಿ ಹೋದ ತಂತಿಯನ್ನು ಅವರೇ ತೋರಿಸಿ, ಮತ್ತೆ ಎಂಜಿನ್ ಏರಿಸುತ್ತಿದ್ದರು. ಇಂಥ ಇಪ್ಪತ್ತು ಇಳಿತಗಳಲ್ಲಿ ಮೊದಲ ಎಂಟರಲ್ಲಿ ನಾನು ಬದುಕುತ್ತಿರಲಿಲ್ಲ ಎಂಬುದು ಅವರ ಲೆಕ್ಕ.

ಗಾಳಿಯ ಪಾಠವೂ ಈ ನೆಲದಿಂದಲೇ ಬಂತು. ಬಿಸಿಲೇರಿದಂತೆ ಬಂಡೆಗುಡ್ಡವೂ ಉತ್ತ ಎರೆಯೂ ಬೇಗ ಕಾದು ಅವುಗಳ ಮೇಲಿನ ಗಾಳಿ ಏಳುತ್ತದೆ. ನೀರು ನಿಂತ ಭತ್ತದ ಗದ್ದೆಗಳ ಮೇಲೆ ಅದು ಇಳಿಯುತ್ತದೆ. ಹೀಗಾಗಿ ಬೆಳಗಿನ ಹತ್ತರ ನಂತರ ಕಾಲುವೆಯನ್ನು ದಾಟುವುದೆಂದರೆ ಏಣಿಯಿಂದ ಹಳ್ಳಕ್ಕೆ ಕಾಲಿಟ್ಟಂತೆ. ಏಳುವ ಗಾಳಿಯಲ್ಲಿ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಿರುತ್ತವೆ, ಅವು ಇರುವಲ್ಲಿ ನಾವಿರಬಾರದು. ಕಾರಟಗಿಯ ರೈಸ್ ಮಿಲ್ಲುಗಳ ಹೊಗೆ ನೆಟ್ಟಗೆ ನಿಂತಿದ್ದರೆ ಹಾರಾಟಕ್ಕೆ ಹಿತವಾದ ಬೆಳಗು. ಹೊಗೆ ಮಲಗಿದ್ದರೆ ಅದು ತೋರುವ ದಿಕ್ಕನ್ನು ನೋಡಿಕೊಳ್ಳಬೇಕು. ಮುರಿದು ಮುರಿದು ಹೋಗುತ್ತಿದ್ದರೆ ಮನೆಗೆ ಹೋಗಬೇಕು. ಬೇಸಿಗೆಯಲ್ಲಿ ಇನ್ನೊಂದು ತೊಡಕಿದೆ. ನಮ್ಮ ಪಟ್ಟಿ ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರದಲ್ಲಿದೆ. ಉಷ್ಣತೆ 40 ಡಿಗ್ರಿ ಮುಟ್ಟಿದರೆ ಗಾಳಿ ತೆಳುವಾಗಿ, ರೆಕ್ಕೆಗೂ ಎಂಜಿನ್ನಿಗೂ ಸುಮಾರು 5,000 ಅಡಿ ಎತ್ತರದಲ್ಲಿದ್ದಂತೆ ಆಗುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ನೂರು ಮೀಟರಿನಲ್ಲಿ ನೆಲ ಬಿಟ್ಟ ಗಾಡಿ ಏಪ್ರಿಲಿನಲ್ಲಿ ಬಿಡಲೊಲ್ಲದು. ನವೆಂಬರಿನಿಂದ ಫೆಬ್ರವರಿಯವರೆಗಿನ ಬೆಳಗುಗಳೇ ನಮ್ಮ ಸುಗ್ಗಿ.

ಆ ಬೆಳಗುಗಳ ಬಗ್ಗೆ ಬರೆಯದಿದ್ದರೆ ಇಷ್ಟು ಅಪಾಯಕ್ಕೆ ಯಾಕೆ ಹೋದನೆಂದು ಓದುವವರು ಕೇಳಿಯಾರು. ನೆಲದಲ್ಲಿ ಸ್ವೆಟರಿನೊಳಗೂ ನಡುಗುತ್ತಿದ್ದವನು ಐನೂರು ಅಡಿ ಏರುವಷ್ಟರಲ್ಲಿ ಬೆಚ್ಚಗಾಗುತ್ತಾನೆ. ರಾತ್ರಿಯ ತಂಪು ನೆಲಕ್ಕಂಟಿಕೊಂಡು ಮಲಗಿರುತ್ತದೆ, ಅದರ ಮೇಲಿನ ಪದರ ಬಿಸಿ. ಆ ಗೆರೆಯನ್ನು ಕೆನ್ನೆಯಿಂದಲೇ ಗುರುತಿಸಬಹುದು. ವಾಸನೆಗಳು ಬರುತ್ತವೆ: ಭತ್ತ ಬೇಯಿಸುವ ಮಿಲ್ಲಿನ ಹಬೆ, ಕುಳ್ಳಿನ ಹೊಗೆ, ಎಲ್ಲೋ ಮೆಣಸಿನಕಾಯಿ ಒಣಹಾಕಿದ ಕಣ. ಕಾಲುವೆಯ ಮೇಲೆ ಮಂಜು ಹಗ್ಗದಂತೆ ಸಾಗಿರುತ್ತದೆ. ದಕ್ಷಿಣಕ್ಕೆ ಅಂಜನಾದ್ರಿಯ ಬಿಳಿ ಮೆಟ್ಟಿಲು, ಹೊಳೆಯ ಆಚೆ ವಿರೂಪಾಕ್ಷನ ಗೋಪುರ. ನಾವು ಈ ದಂಡೆ ದಾಟುತ್ತಿರಲಿಲ್ಲ, ದೂರದಿಂದಲೇ ಕೈಮುಗಿಯುವುದು. ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟದ್ದು ನಗೆಪಾಟಲಿನ ಸಂಗತಿ. ಹದಿನೈದು ವರ್ಷದ ಹಿಂದೆ ಒಂದು ಊರಿನವರ ಹಟಕ್ಕೆ ಮಣಿದು ಆಲದ ಮರ ಉಳಿಸಲು ನಾನು ಲೈನನ್ನು ಬಳಸಿ ಒಯ್ದಿದ್ದೆ. ಮೇಲಧಿಕಾರಿಗಳಿಂದ ಬೈಸಿಕೊಂಡಿದ್ದೆ. ಬೆಳಗಿನ ಎಳೆಬಿಸಿಲಿನಲ್ಲಿ ಕಂಬಗಳ ನೆರಳು ಆ ಮರದ ಸುತ್ತ ಅರ್ಧ ಬಳೆಯಂತೆ ಬಿದ್ದಿರುವುದನ್ನು ಕಂಡು, ಎರಡು ಸುತ್ತು ಹೆಚ್ಚಿಗೆ ಹೊಡೆದೆ.

ಇಳಿಯುವುದು ನನಗೆ ಕೊನೆಯವರೆಗೂ ಕಷ್ಟವಾಯಿತು. ನೆಲ ಹತ್ತಿರವಾಗುತ್ತಿದ್ದಂತೆ ಹೆದರಿದ ಕೈ ಬಾರನ್ನು ಮುಂದಕ್ಕೆ ತಳ್ಳಲು ನೋಡುತ್ತದೆ. ತಳ್ಳಿದರೆ ವೇಗ ಸತ್ತು ಹತ್ತಡಿ ಮೇಲಿಂದ ದೊಪ್ಪೆಂದು ಬೀಳುವುದು ಖಚಿತ. ನೆಲದ ಹತ್ತಿರ ಎದುರುಗಾಳಿಯೂ ತಗ್ಗುವುದರಿಂದ ವೇಗವನ್ನು ಇನ್ನಷ್ಟು ಕಾಯ್ದುಕೊಳ್ಳಬೇಕು. ಬಾರನ್ನು ಎದೆಗೆಳೆದು ನೆಲದ ಕಡೆಗೇ ಧುಮುಕಿದಂತೆ ಬಂದು, ಆಳೆತ್ತರದಲ್ಲಿ ಮೆಲ್ಲಗೆ ಸಡಿಲಬಿಡುವುದು ಪದ್ಧತಿ. ಸೋಲೋ ದಿನ, ಅಂದರೆ ಮೊದಲ ಸಲ ಒಬ್ಬನೇ ಹಾರಿದ ದಿನ, ಹಿಂದಿನ ಆಸನ ಖಾಲಿಯಾಗಿದ್ದರಿಂದ ಗಾಡಿ ಚಂಗನೆ ಎದ್ದಿತು. 70 ಕಿಲೋ ಇಳಿದರೆ ಬೇರೆಯದೇ ವಿಮಾನ ಎಂದು ಹೇಳಿದ್ದರು, ನಂಬಿರಲಿಲ್ಲ. ಮೂರು ಸುತ್ತು, ಮೂರು ಇಳಿತ, ಎರಡನೆಯದರಲ್ಲಿ ಒಂದು ಪುಟಿತ. ಸಂಜೆ ಎಲ್ಲರಿಗೂ ಮಿರ್ಚಿ, ಮಂಡಾಳ ಒಗ್ಗರಣೆ ಕೊಡಿಸಿದೆ.

ಮುಂದಿನ ಫೆಬ್ರವರಿಯಲ್ಲಿ ನಡೆದದ್ದನ್ನು ಮುಚ್ಚಿಡದೆ ಹೇಳಬೇಕು. ಅಷ್ಟರಲ್ಲಿ ಒಬ್ಬನೇ ಹಾರುವ ಅರ್ಹತೆ ಬಂದಿತ್ತು. ಆ ಭಾನುವಾರ ಶಿಕ್ಷಕರು ಊರಲ್ಲಿರಲಿಲ್ಲ. ಪೆಟ್ರೋಲು ತರುವ ಹುಡುಗ ತಡಮಾಡಿದ್ದರಿಂದ ಏಳೂವರೆಗೆ ನೆಲ ಬಿಡಬೇಕಾದವನು ಒಂಬತ್ತಕ್ಕೆ ಬಿಟ್ಟೆ. ಹೊಳೆಯವರೆಗೆ ಹೋಗಿ ಬರುವುದು ವಾರದಿಂದ ಮನಸ್ಸಿನಲ್ಲಿತ್ತು, ಬಿಡಲಾಗಲಿಲ್ಲ. ಹೋಗುವಾಗ ನೀರಿನ ಮೇಲೆ ಹರಿಗೋಲು ಹೋದಂತೆ ಹೋಯಿತು. ಹಿಂದಿರುಗುವಾಗ ಹತ್ತೂಕಾಲು, ಗುಡ್ಡಗಳ ಮೇಲೆ ಹದ್ದುಗಳು ಸುತ್ತುತ್ತಿದ್ದವು. ಗುಡ್ಡಗಳನ್ನು ಬಳಸಿ ಹೋಗುವಷ್ಟು ಪೆಟ್ರೋಲಿತ್ತು. ಬಳಸಲಿಲ್ಲ.

ಮೊದಲ ಹೊಡೆತಕ್ಕೆ ಬಲರೆಕ್ಕೆ ಎದ್ದು ಯಂತ್ರ ಎಡಕ್ಕೆ ವಾಲಿತು. ಬಾರ್ ಕೈಯಿಂದ ಕಿತ್ತುಕೊಂಡಂತೆ ಮುಂದಕ್ಕೆ ಹೋಯಿತು. ಎಳೆದುಕೊಳ್ಳುವಷ್ಟರಲ್ಲಿ ಏಳುವ ಗಾಳಿ ಮುಗಿದು ಇಳಿಯುವ ಗಾಳಿ ಬಂತು. ಮೈ ಆಸನದಿಂದ ಎದ್ದು ಬೆಲ್ಟಿಗೆ ತಗುಲಿ ನಿಂತಿತು, ಕಾಲಬಳಿಯ ದೂಳು ಕಣ್ಣಮುಂದೆ ತೇಲಿತು. ಒಂದು ಸೆಕೆಂಡು ಇದ್ದೀತು. ಅಷ್ಟರಲ್ಲಿ ಬಾರನ್ನು ಬಲಕ್ಕೂ ಎಡಕ್ಕೂ ಸರಿಸಿ ನೋಡಿದೆ. ತೊಟ್ಟಿಲಿನಿಂದ ಕಳಚಿದ ಹಗ್ಗವನ್ನು ಜಗ್ಗಿದಂತೆ ಸಡಿಲವಾಗಿತ್ತು. ಎರಡು ವರ್ಷ ಬಾಯಲ್ಲಿ ಹೇಳುತ್ತಿದ್ದ ಮಾತು ಅಂದು ಹೊಟ್ಟೆಗೆ ತಿಳಿಯಿತು. ಮರುಕ್ಷಣ ಭಾರ ಮರಳಿತು, ಬಾರ್ ಬಿಗಿಯಿತು. ಅದನ್ನು ಎದೆಯ ಕಡೆಗೆ ಹಿಡಿದು, ವೇಗ ಬಿಡದೆ, ಹಲ್ಲು ಕಚ್ಚಿಕೊಂಡು ಇಪ್ಪತ್ತು ನಿಮಿಷ ಹಾರಿದೆ. ಪಟ್ಟಿಗೆ ಬಂದರೆ ಗಾಳಿಯ ದಿಕ್ಕು ತೋರುವ ಗಾಳಿಚೀಲ ಒಮ್ಮೆ ಪೂರ್ವಕ್ಕೆ, ಒಮ್ಮೆ ಪಶ್ಚಿಮಕ್ಕೆ ಬಾಲ ಬಡಿಯುತ್ತಿತ್ತು; ಕೆಂದೂಳಿನ ಸುಂಟರಗಾಳಿಯೊಂದು ಗರಸಿನ ಮೇಲೆಯೇ ದಾಟುತ್ತಿತ್ತು. ಇಳಿಯದೆ ಮತ್ತೆ ಏರಿ, ಅದು ಹೊಲ ಸೇರುವವರೆಗೆ ಸುತ್ತಿ, ಇಳಿದೆ. ಮುಂಗಾಲಿಯ ಫೋರ್ಕ್ ಬಾಗಿತು. ನನಗೇನೂ ಆಗಲಿಲ್ಲ, ತೋಳುಗಳು ಮಾತ್ರ ಸಂಜೆಯವರೆಗೆ ಚಹಾದ ಕಪ್ಪು ಎತ್ತಲೊಲ್ಲವು.

ಮರುದಿನ ಶಿಕ್ಷಕರಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಸಾಹೇಬ್ರ, ನಿಮ್ಮ ಲೈನ್‌ಮನ್ ಎಲ್.ಸಿ. ತಗೊಳ್ಳದ ಕಂಬ ಹತ್ತಿ, ಪುಣ್ಯಕ್ಕ ಉಳದು ಇಳದು ಬಂದ್ರ ಅವಂಗ ಏನ್ ಮಾಡ್ತೀರಿ?"

ಲೈನ್ ಕ್ಲಿಯರ್, ಅಂದರೆ ಲೈನಿನಲ್ಲಿ ವಿದ್ಯುತ್ ನಿಲ್ಲಿಸಿ ಕೊಡುವ ಅನುಮತಿ, ಪಡೆಯದೆ ಕಂಬ ಹತ್ತಿದವನು ಬದುಕಿ ಬಂದರೂ ನಾನು ಅವನನ್ನು ಕೆಲಸಕ್ಕೆ ಬಿಡುವುದಿಲ್ಲ. ವಿವರಣೆ ಬರೆಸಿಕೊಳ್ಳುತ್ತೇನೆ, ಕೆಲವು ವಾರ ಕಂಬದಿಂದ ದೂರವಿಡುತ್ತೇನೆ. ಉಳಿದದ್ದನ್ನು ಅವನು ಧೈರ್ಯವೆಂದು ಎಣಿಸಿದರೆ ಮುಂದಿನ ಸಲ ಉಳಿಯುವುದಿಲ್ಲ, ಅದಕ್ಕೆ. ನಾನು ಒಂದು ಹಾಳೆಯ ವಿವರಣೆ ಬರೆದುಕೊಟ್ಟು ಆ ಋತುವಿನ ಉಳಿದ ದಿನಗಳಲ್ಲಿ ಹಾರಲಿಲ್ಲ. ವಿವರಣೆಯಲ್ಲಿ ಪೆಟ್ರೋಲಿನ ಹುಡುಗನ ಹೆಸರು ಮೊದಲ ಸಾಲಿನಲ್ಲಿ ಬಂದಿತ್ತು. ಶಿಕ್ಷಕರು ಆ ಸಾಲನ್ನು ಹೊಡೆದುಹಾಕಿ ವಾಪಸು ಕೊಟ್ಟರು.

ಈಗ ನೆಲ ಬಿಡುವ ಸಮಯವನ್ನಲ್ಲ, ಇಳಿದಿರಬೇಕಾದ ಸಮಯವನ್ನು ಮೊದಲು ಬರೆದುಕೊಳ್ಳುತ್ತೇನೆ: ಒಂಬತ್ತು ಗಂಟೆ. ಹೊರಡುವುದು ತಡವಾದಷ್ಟೂ ಹಾರಾಟ ಚಿಕ್ಕದಾಗುತ್ತದೆ, ಎಂಟೂವರೆ ದಾಟಿದರೆ ಹೊದಿಕೆ ತೆಗೆಯುವುದೇ ಇಲ್ಲ. ಹೋದ ಋತುವಿನಲ್ಲಿ ಹಾರಲೆಂದು ಹೋದ ದಿನಗಳಲ್ಲಿ ಹೆಚ್ಚುಕಡಿಮೆ ಅರ್ಧ ದಿನ ಹಾರದೆ ಬಂದಿದ್ದೇನೆ. ನನ್ನ ತೂಕ 84ರಿಂದ 77ಕ್ಕೆ ಇಳಿದಿದೆ, ಅದಕ್ಕೆ ಅವ್ವನ ಆಕ್ಷೇಪಣೆಯಿದೆ.

ಜೊತೆಗೊಬ್ಬರನ್ನು ಕೂರಿಸಿಕೊಳ್ಳುವ ಅರ್ಹತೆ ಬಂದ ಮೇಲೂ ಹೆಂಡತಿ ಒಂದು ವರ್ಷ ಒಪ್ಪಲಿಲ್ಲ. ಹೋದ ಜನವರಿಯ ಒಂದು ಬೆಳಿಗ್ಗೆ, ನಾನು ಕರೆಯದೆಯೇ ಪಟ್ಟಿಗೆ ಬಂದಳು. ಸೆರಗು, ದುಪಟ್ಟಾ, ಶಾಲು ಯಾವುದೂ ಬೇಡ, ಹಾರಿಹೋದದ್ದೆಲ್ಲ ಹಿಂದಿನ ಪ್ರೊಪೆಲ್ಲರಿಗೆ ಹೋಗುತ್ತದೆ ಎಂದು ಯಾವಾಗಲೋ ಹೇಳಿದ್ದನ್ನು ನೆನಪಿಟ್ಟು ಮಗನ ಪ್ಯಾಂಟು, ಜಾಕೆಟ್ಟು ತೊಟ್ಟಿದ್ದಳು. ಬೋಲ್ಟ್ ಯಾವುದೆಂದು ಮೆಕ್ಯಾನಿಕ್ ಹುಡುಗನನ್ನು ಕೇಳಿ, ಅದನ್ನು ತಾನೂ ಮುಟ್ಟಿ ನೋಡಿ, ಹಿಂದಿನ ಆಸನದಲ್ಲಿ ಕುಳಿತಳು. ರೈಸ್ ಮಿಲ್ಲುಗಳ ಹೊಗೆ ನೆಟ್ಟಗಿತ್ತು. ಅವಳ ತವರೂರಿನ ಮೇಲೆ ಸಾವಿರ ಅಡಿಯಲ್ಲಿ ಒಂದು ಸುತ್ತು ಹಾಕಿದೆ. ಎಂಟೂ ಹತ್ತಕ್ಕೆ ಇಳಿದೆವು. ಅಷ್ಟು ಹೊತ್ತೂ ಒಂದು ಮಾತನ್ನೂ ಆಡದಿದ್ದವಳು ಹೆಲ್ಮೆಟ್ ತೆಗೆದು, "ಏನ್ರಿ, ನಮ್ಮಪ್ಪನ ಹೊಲದಾಗಿನ ಟಿಸಿ ಸುತ್ತ ಬಳ್ಳಾರಿ ಜಾಲಿ ಕಂಬದ ಮಟಾ ಬೆಳದೈತಿ. ಕೆಳಗಿಂದ ಯಾರಿಗೂ ಕಂಡಿಲ್ಲೇನು?" ಎಂದಳು.

ಮರುದಿನ ಇಬ್ಬರು ಲೈನ್‌ಮನ್‌ಗಳನ್ನು ಕಳಿಸಿದೆ. ಅವರು ಎಲ್.ಸಿ. ತೆಗೆದುಕೊಂಡು, ಮಧ್ಯಾಹ್ನದೊಳಗೆ ಜಾಲಿ ಕಡಿದು ಬಂದರು.